ಹರಿಣಾಕ್ಷಿ ಟೀಚರ ಚಿನ್ನದ ಸರ

ಹರಿಣಾಕ್ಷಿ ಟೀಚರು ದೀಪಾವಳಿ ಕಳೆದ ಮೇಲಿನ ಸೋಮವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ, ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲು ಕುಸಿದು ಬಿದ್ದು ತೀರಿಕೊಂಡರು. ವಯಸ್ಸು ಐವತ್ತೇಳು. ಹೃದಯಾಘಾತ ಎಂದು ಕುಂದಾಪುರದ ಡಾಕ್ಟರು ಬರೆದುಕೊಟ್ಟರು. ಆಂಬುಲೆನ್ಸು ಹೆಮ್ಮಾಡಿ ತಲುಪುವ ಮೊದಲೇ ಎಲ್ಲ ಮುಗಿದಿತ್ತು ಎಂದು ಜೊತೆಗೆ ಹೋದವರು ಹೇಳಿದರು.

ಪತ್ರಿಕೆಯಲ್ಲಿ ಇದೇ ನಾಲ್ಕು ಸಾಲು ಬಂತು. ಮೂವತ್ತೊಂದು ವರ್ಷ ಸೇವೆ, ಗಂಡ ಸುಧಾಕರ, ಅಪಾರ ಬಂಧುಬಳಗ. ಕೊನೆಯ ಎರಡು ತಿಂಗಳು ಅವರು ಹೆದರಿಕೆಯಲ್ಲೇ ಬದುಕಿದ್ದರು ಎಂಬುದು ಆ ಸಾಲುಗಳಲ್ಲಿ ಇರಲಿಲ್ಲ. ಇರಬೇಕಾಗಿಯೂ ಇಲ್ಲ. ಆದರೆ ಅವರನ್ನು ಬಲ್ಲವರಿಗೆ ಅದನ್ನು ಬಿಟ್ಟು ಅವರ ಬಗ್ಗೆ ಹೇಳಲು ಬರುವುದಿಲ್ಲ.

ತ್ರಾಸಿಯಲ್ಲಿ ಹೆದ್ದಾರಿ ಬಿಟ್ಟು ಕಡಲ ಕಡೆಗೆ ಇಳಿದರೆ ಗಾಳಿಮರಗಳ ಸಾಲು ಮುಗಿಯುವಲ್ಲಿ ಒಂದು ಕಿರಿಯ ಪ್ರಾಥಮಿಕ ಶಾಲೆಯಿದೆ. ಒಂದರಿಂದ ಐದನೇ ತರಗತಿ, ಮೂವತ್ತನಾಲ್ಕು ಮಕ್ಕಳು, ಇಬ್ಬರು ಟೀಚರು. ಮಕ್ಕಳೆಲ್ಲ ಹೆಚ್ಚುಕಡಿಮೆ ಮೀನುಗಾರರ ಮನೆಯವರು. ಹರಿಣಾಕ್ಷಿ ಅಲ್ಲಿ ಮುಖ್ಯ ಶಿಕ್ಷಕಿಯಾಗಿ ಹನ್ನೊಂದು ವರ್ಷ ಇದ್ದರು. ಹೆಮ್ಮಾಡಿಯಿಂದ ದಿನಾ ಎಂಟೂಕಾಲರ ಬಸ್ಸು.

ಪಾಠ ಚೆನ್ನಾಗಿ ಮಾಡುತ್ತಿದ್ದರು, ಆದರೆ ಊರಿನಲ್ಲಿ ಅವರ ಹೆಸರಿದ್ದದ್ದು ಬೇರೆ ಕಾರಣಕ್ಕೆ. ಸೋಮವಾರ ಉಗುರು, ಬುಧವಾರ ತಲೆ, ಶುಕ್ರವಾರ ಹಲ್ಲು ನೋಡುತ್ತಿದ್ದರು. ಜಂತುಹುಳದ ಮಾತ್ರೆಯನ್ನು ಎದುರಿಗೇ ನಿಂತು ಜಗಿಸುತ್ತಿದ್ದರು. ಆಫೀಸು ಕೋಣೆಯ ಗೋಡೆಯಲ್ಲಿ ದೊಡ್ಡ ಕಾಗದದ ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ ನಿಯಮಗಳನ್ನು ಬರೆದಿಟ್ಟಿದ್ದರು. ಜ್ವರ ಬಿಟ್ಟು ಒಂದು ದಿನ ಕಳೆಯದೆ ಶಾಲೆಗೆ ಬರಬಾರದು. ಕಣ್ಣು ಕೆಂಪಾದರೆ ಮನೆಯಲ್ಲಿರಬೇಕು. ಸೀತಾಳೆಯ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಮನೆಯಲ್ಲಿರಬೇಕು. ಕೆಪ್ಪಟ್ರಾಯ ಬಂದರೆ ಐದು ದಿನ. ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ: ಒಂದನೇ ತರಗತಿಗೆ ಸೇರಿಸುವಾಗ ತಾಯಿ ಕಾರ್ಡು ತರಬೇಕು, ಐದು ವರ್ಷದ ಚುಚ್ಚುಮದ್ದು ಆಗಿರಬೇಕು.

ಬಸ್ಸಿನ ಕಂಡಕ್ಟರ್ ರೋಷನ್ ಒಂದು ಕಾಲದಲ್ಲಿ ಅವರದೇ ವಿದ್ಯಾರ್ಥಿ. ಟಿಕೇಟು ಕೊಡುವಾಗ ಕೈ ಮುಂದೆ ಚಾಚುತ್ತಿದ್ದ. "ಹ್ವಾಯ್ ಟೀಚರೆ, ನನ್ನ ಉಗ್ರ್ ಕಾಂತ್ರ್ಯಾ?"

"ನೀನ್ ಮೊದ್ಲ್ ಹಲ್ಲ್ ತಿಕ್ಕಂಡ್ ಬಾ. ಉಗ್ರ್ ಆಮೇಲ್ ಕಾಂಬ."

ಇಷ್ಟೆಲ್ಲ ನಿಯಮವಿದ್ದರೂ ಒಂದು ಮಗುವನ್ನೂ ಅವರು ಎಲ್ಲರೆದುರು ಹೆಸರು ಹಿಡಿದು ಮನೆಗೆ ಕಳುಹಿಸಿದವರಲ್ಲ. ಅದಕ್ಕೆ ಕಾರಣವಿತ್ತು. ಅವರಿಗೆ ಏಳು ವರ್ಷವಾಗಿದ್ದಾಗ ಕೈ ಬೆರಳ ಸಂದಿಯಲ್ಲಿ ಕಜ್ಜಿಯಾಗಿತ್ತು. ಮೇಷ್ಟ್ರು ಬೆತ್ತದ ತುದಿಯಿಂದ ಅವರ ಅಂಗೈ ಎತ್ತಿ ಇಡೀ ತರಗತಿಗೆ ತೋರಿಸಿ, ವಾಸಿಯಾಗುವ ತನಕ ಬರಬೇಡ ಎಂದರು. ನಿಯಮ ಸರಿಯೇ ಇತ್ತು. ಆದರೆ ಕಜ್ಜಿ ಹದಿನೈದು ದಿನದಲ್ಲಿ ಹೋಯಿತು, 'ಕಜ್ಜಿ ಹೆಣ್ಣ್' ಎಂಬ ಹೆಸರು ಹೈಸ್ಕೂಲಿನ ತನಕ ಬಂತು. ಹಾಗಾಗಿ ಇವರ ಶಾಲೆಯಲ್ಲಿ ಯಾರಿಗೆ ಏನಾದರೂ ಟೀಚರು ಅದನ್ನು ಕಿವಿಯಲ್ಲಿ ಹೇಳಿ, ತಾವೇ ಕೈ ಹಿಡಿದು ಮನೆಯ ತನಕ ಬಿಟ್ಟು ಬರುತ್ತಿದ್ದರು.

ಆಗಸ್ಟ್ ತಿಂಗಳ ಕೊನೆಯ ಗುರುವಾರ ಅವರು ಹಾಗೆ ಕೈ ಹಿಡಿದು ಕರೆದುಕೊಂಡು ಹೋದದ್ದು ಎರಡನೇ ತರಗತಿಯ ವಿಜೇತಾಳನ್ನು.

ಆ ಮಳೆಗಾಲ ಊರಲ್ಲಿ ಕೆಪ್ಪಟ್ರಾಯ ಓಡಾಡುತ್ತಿತ್ತು. ಪುಸ್ತಕದಲ್ಲಿ ಮಂಗನಬಾವು ಎಂದು ಬರೆಯುವುದಕ್ಕೆ ಇಲ್ಲಿಯ ಹೆಸರು ಅದು. ಕಿವಿಯ ಕೆಳಗೆ ಕೆನ್ನೆ ಊದಿಕೊಂಡು ಮುಖ ಸೋರೆಕಾಯಿಯಂತಾಗುತ್ತದೆ. ಕೆಮ್ಮಣ್ಣು ಅರೆದು ಹಚ್ಚುತ್ತಾರೆ, ಕೊರಳಿಗೆ ಚಿನ್ನದ ಸರ ಹಾಕುತ್ತಾರೆ. ಚಿನ್ನ ತಾಗಿದರೆ ಊತ ಇಳಿಯುತ್ತದೆ ಎಂಬ ನಂಬಿಕೆ ಕಡಲಕರೆಯ ಎಲ್ಲ ಮನೆಗಳಲ್ಲೂ ಇದೆ. ಹೇಗಿದ್ದರೂ ವಾರದಲ್ಲಿ ತಾನಾಗಿ ಇಳಿಯುವ ಊತ, ಹಾಗಾಗಿ ಚಿನ್ನ ಯಾವತ್ತೂ ಸೋತದ್ದಿಲ್ಲ. ಆ ತಿಂಗಳು ನಾಲ್ಕು ಮಕ್ಕಳು ಹೀಗೆ ಅಮ್ಮಂದಿರ ಸರ ಹಾಕಿಕೊಂಡು ಮನೆಯಲ್ಲಿ ಕೂತು, ವಾಸಿಯಾಗಿ ಬಂದಿದ್ದರು.

ವಿಜೇತಾ ಪ್ರಾರ್ಥನೆಯಲ್ಲಿ ಮೊದಲ ಸಾಲು ಎತ್ತಿಕೊಡುವ ಹುಡುಗಿ. ಆ ದಿನ ಸ್ವರ ಏಳಲಿಲ್ಲ. ಹರಿಣಾಕ್ಷಿ ತಿರುಗಿ ನೋಡಿದರು. ಕೊರಳು ಎರಡೂ ಬದಿ ಊದಿತ್ತು. ಪಕ್ಕದವರು ಆಗಲೇ 'ಬೊಂಡ, ಬೊಂಡ' ಎಂದು ಪಿಸುಗುಡುತ್ತಿದ್ದರು. ಎಳನೀರಿನ ಬೊಂಡದಂತೆ ಕಾಣುತ್ತಾಳೆ ಎಂದು. ಹುಡುಗಿ ತಲೆ ತಗ್ಗಿಸಿದಳು. ಹರಿಣಾಕ್ಷಿ ಅವಳನ್ನು ಆಫೀಸು ಕೋಣೆಗೆ ಕರೆದು ಹಣೆ ಮುಟ್ಟಿದರು. ಸ್ವಲ್ಪವೇ ಬೆಚ್ಚಗಿತ್ತು.

"ನುಂಗುಕೆ ನೋವ್ ಆತ್ತಾ ಮಗಾ?"

ಹುಡುಗಿ ಹೌದೆಂದು ತಲೆಯಾಡಿಸಿದಳು. ಬಾಯಿ ತೆರೆದು ಉಸಿರು ಬಿಟ್ಟಾಗ ಕೆಟ್ಟ ವಾಸನೆ ಬಂತು. ಬೆಳಿಗ್ಗೆ ಹಲ್ಲುಜ್ಜಿಲ್ಲ ಎಂದುಕೊಂಡರು ಹರಿಣಾಕ್ಷಿ. ಕೆಪ್ಪಟ್ರಾಯಕ್ಕೆ ವಾಸನೆ ಇರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲಿಲ್ಲ. ಮುಂದೆ ಎರಡು ತಿಂಗಳು ಅದೊಂದೇ ಹೊಳೆಯುತ್ತಿತ್ತು.

ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡು, ಅವರು ಕರಿಮಣಿಯೊಂದನ್ನು ಉಳಿಸಿಕೊಂಡು ತಮ್ಮ ಎರಡೆಳೆಯ ಸರವನ್ನು ಬಿಚ್ಚಿ ಅವಳ ಕೊರಳಿಗೆ ಹಾಕಿದರು. "ಕಾಣ್, ಈಗ ನೀನ್ ಬೊಂಡ ಅಲ್ಲ, ಮದುಮಗಳ್" ಎಂದರು. ಹುಡುಗಿಗೆ ನಗು ಬಂತು. ಇಬ್ಬರೂ ಒಂದೇ ಕೊಡೆಯಲ್ಲಿ ಹೋದರು. ಜಗಲಿಯಲ್ಲಿದ್ದ ಮಕ್ಕಳು ಸರ ನೋಡಿ ಬಾಯಿ ಮುಚ್ಚಿದರು.

ವಿಜೇತಾಳ ಅಮ್ಮ ರತ್ನ ಗಂಗೊಳ್ಳಿ ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋಗುತ್ತಾಳೆ. ಅಪ್ಪ ಬೋಟಿನಲ್ಲಿ. ಮನೆಯಲ್ಲಿದ್ದದ್ದು ಅಜ್ಜಿ ಸೀತು. ಅಂಗಳಕ್ಕೆ ಬಂದ ಮೊಮ್ಮಗಳನ್ನು ನೋಡಿ ಅಜ್ಜಿ ಸೊಂಟಕ್ಕೆ ಕೈಯಿಟ್ಟಳು.

"ಇದೆಂತ ಟೀಚರೆ, ಶಾಲಿಗೆ ಕಳ್ಸಿರೆ ಬಂಗಾರ ಕೊಟ್ಟ್ ಕಳ್ಸುದಾ? ಗೊತ್ತಿದ್ರೆ ನಾನೂ ಬತ್ತಿದ್ದೆ."

"ಕೆಪ್ಪಟ್ರಾಯ ಸೀತಮ್ಮ. ಐದ್ ದಿನ ಮನೆಯಂಗೇ ಇರ್ಲಿ. ಗಂಜಿ ಕೊಡಿ. ಸರ ಆಮೇಲ್ ಕೊಟ್ರೆ ಸಾಕ್."

"ಹೆದ್ರಬೇಡಿ, ನಾನ್ ಹಾಯ್ಕಂಡ್ ಮದ್ವಿಗೆ ಹೋಪುದಿಲ್ಲೆ."

ಡಾಕ್ಟರಿಗೆ ತೋರಿಸಿ ಎಂದು ಹರಿಣಾಕ್ಷಿ ಹೇಳಲಿಲ್ಲ. ಕೆಪ್ಪಟ್ರಾಯಕ್ಕೆ ಯಾರೂ ಡಾಕ್ಟರ ಬಳಿ ಹೋಗುವುದಿಲ್ಲ. ಟೀಚರೇ ಹೇಳಿದ ಮೇಲೆ, ಟೀಚರ ಚಿನ್ನವೇ ಕೊರಳಲ್ಲಿದ್ದ ಮೇಲೆ, ಆ ಮನೆಯವರೂ ಹೋಗಲಿಲ್ಲ. ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಆದಿತ್ಯವಾರ ಮಧ್ಯಾಹ್ನ ಹುಡುಗಿ ಉಸಿರೆಳೆಯುವಾಗ ಗೊರಗೊರ ಸದ್ದು ಬಂದು ತುಟಿ ನೀಲಿಯಾಯಿತು. ರತ್ನ ರಿಕ್ಷಾ ಹಿಡಿದು ಕುಂದಾಪುರಕ್ಕೆ ಓಡಿದಳು. ಅಲ್ಲಿಯ ಡಾಕ್ಟರು ಬಾಯೊಳಗೆ ದೀಪ ಹಾಕಿ ನೋಡಿ ಒಂದು ನಿಮಿಷವೂ ಇಟ್ಟುಕೊಳ್ಳದೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು.

ಸೋಮವಾರ ಉಗುರು ನೋಡುವ ಹೊತ್ತಿಗೆ ಆರೋಗ್ಯ ಕೇಂದ್ರದ ಸಿಸ್ಟರ್ ವಿನಯಾ ಸ್ಕೂಟರಿನಲ್ಲಿ ಬಂದಳು. ಮುಖಕ್ಕೆ ಮಾಸ್ಕು. ಇಬ್ಬರೂ ಹಳೆಯ ಪರಿಚಯದವರು, ಚಹಾ ಕುಡಿಯದೆ ಮಾತು ಶುರು ಮಾಡಿದವರಲ್ಲ. ಆ ದಿನ ವಿನಯಾ ಹೆಲ್ಮೆಟ್ಟನ್ನೂ ಪೂರ್ತಿ ತೆಗೆಯಲಿಲ್ಲ.

"ಟೀಚರೆ, ವಿಜೇತಂದ್ ಕೆಪ್ಪಟ್ರಾಯ ಅಲ್ಲ."

"ಮತ್ತೆಂತ?"

"ಗಂಟಲಮಾರಿ."

ಹರಿಣಾಕ್ಷಿ ಆ ಹೆಸರನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದರು. ಡಾಕ್ಟರು ಡಿಫ್ತೀರಿಯಾ ಎನ್ನುತ್ತಾರೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಮುಚ್ಚುತ್ತದೆ. ಕೊರಳು ಗೂಳಿಯ ಕೊರಳಿನಂತೆ ಊದುತ್ತದೆ. ಕೆಮ್ಮಿದರೆ, ಎಂಜಲು ತಾಗಿದರೆ ಹರಡುತ್ತದೆ. ಪೊರೆ ಹೋದರೂ ಅದರ ವಿಷ ಹೃದಯಕ್ಕೆ ಇಳಿಯಬಹುದು. ಚುಚ್ಚುಮದ್ದು ಬಂದ ಮೇಲೆ ಮರೆತೇ ಹೋಗಿದ್ದ ಕಾಯಿಲೆ.

"ಜೀವ ಇತ್ತಾ?" ಎಂದು ಕೇಳಿದರು.

"ಇತ್. ಐಸಿಯುವಂಗೆ ಮಲ್ಗ್ಸಿದ್ರ್. ಅದಕ್ಕೆ ಬೇರೇ ಮದ್ದ್ ಬೇಕಂಬ್ರ್, ದೂರದಿಂದ ಬರ್ಕ್." ವಿನಯಾ ಬ್ಯಾಗಿನಿಂದ ತನ್ನ ಪಟ್ಟಿ ತೆಗೆದಳು. "ಈಗ ಉಳ್ದ ಮಕ್ಕಳದ್ ಹೇಳಿ. ಅದರ ಜೊತಿಗೆ ಕೂತವ್ರ್, ಉಂಡವ್ರ್. ನಿಮ್ಮ ರಿಜಿಸ್ಟರಂಗೆ ಎಲ್ಲರಿಗೂ ಐದ್ ವರ್ಷದ್ ಇಂಜೆಕ್ಷನ್ ಆಯ್ತ್ ಅಂತಿತ್ ಅಲ್ದಾ?"

ಹರಿಣಾಕ್ಷಿ ರಿಜಿಸ್ಟರು ತೆರೆದರು. ಆ ಕಾಲಮಿನಲ್ಲಿ ಮೂವತ್ತನಾಲ್ಕು ಹೆಸರಿನ ಎದುರಿಗೆ ಮೂವತ್ತನಾಲ್ಕು ಗುರುತು. ಎಲ್ಲವೂ ಅವರದೇ ಕೈಯವು. ಇಪ್ಪತ್ತೊಂಬತ್ತು ಕಾರ್ಡುಗಳನ್ನು ಅವರು ಕಣ್ಣಾರೆ ನೋಡಿದ್ದರು. ಐದನ್ನು ನೋಡಿರಲಿಲ್ಲ. ರತ್ನ ಮತ್ತು ಗಂಡ ಮೊದಲು ಮುಂಬೈಯಲ್ಲಿದ್ದರು, ಲಾಕ್‌ಡೌನಿನಲ್ಲಿ ಊರಿಗೆ ಬಂದವರು. ಮಗಳನ್ನು ಸೇರಿಸುವಾಗ ರತ್ನ, "ಎಲ್ಲಾ ಹಾಕ್ಸಿತ್ ಟೀಚರೆ, ಕಾರ್ಡ್ ಮಾತ್ರ ಮುಂಬೈಯಂಗೇ ಒಳ್ದಿತ್" ಎಂದಿದ್ದಳು. ಕಾರ್ಡಿಲ್ಲದೆ ಆಗುವುದಿಲ್ಲ ಎಂದರೆ ಆ ಹೆಣ್ಣುಮಗಳು ಮುಖ ಸಣ್ಣ ಮಾಡಿಕೊಂಡು ಹಿಂದೆ ಹೋಗಬೇಕಿತ್ತು. ಹರಿಣಾಕ್ಷಿ ಗುರುತು ಹಾಕಿದ್ದರು. ಉಳಿದ ನಾಲ್ವರದ್ದೂ ಹೀಗೆಯೇ, ಒಂದೊಂದು ಮನೆಯ ಮರ್ಯಾದೆ ಉಳಿಸಲು ಹಾಕಿದ ಗುರುತು.

"ಐದ್ ಜನದ್ ನಾನ್ ಕಾಣ್ಲಿಲ್ಲ ವಿನಯಾ," ಎಂದರು. "ಕೇಂಡೆ, ಕಾಣ್ಲಿಲ್ಲ."

ವಿನಯಾ ಆ ಐದು ಹೆಸರನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡಳು. ಅವಳು ಹಾಗೆ ಬರೆದುಕೊಂಡದ್ದು ಬೈದದ್ದಕ್ಕಿಂತ ಹೆಚ್ಚಾಯಿತು ಎಂದು ಹರಿಣಾಕ್ಷಿ ಆಮೇಲೆ ಗೆಳತಿಯೊಬ್ಬಳ ಬಳಿ ಹೇಳಿಕೊಂಡಿದ್ದರು.

ಅದೇ ಮಧ್ಯಾಹ್ನ ಶಾಲೆಯಲ್ಲಿ ಕ್ಯಾಂಪು ನಡೆಯಿತು. ಎಲ್ಲರ ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದರು. ಮಕ್ಕಳಿಗೂ ಟೀಚರಿಗೂ ಅಡುಗೆಯವರಿಗೂ ಔಷಧಿ, ಬಾಕಿಯಿದ್ದವರಿಗೆ ಚುಚ್ಚುಮದ್ದು. ಕಾರ್ಡಿಲ್ಲದ ಉಳಿದ ನಾಲ್ವರಲ್ಲಿ ಮೂವರ ಮನೆಯವರು ಒಪ್ಪಿದರು. ಮೂರನೇ ತರಗತಿಯ ಅನೂಪನ ಅಜ್ಜ ಚಂದಯ್ಯ ಒಪ್ಪಲಿಲ್ಲ. ಹೋದ ಸಲ ಸೂಜಿ ಹಾಕಿದ್ದಕ್ಕೆ ಹುಡುಗ ಮೂರು ದಿನ ಜ್ವರದಲ್ಲಿ ಬೆಂದಿದ್ದಾನೆ ಎಂದು ಕೈ ಹಿಡಿದುಕೊಂಡೇ ಹೊರಟ. ಇನ್ನು ಹತ್ತು ದಿನ ದಿನಾ ಪ್ರತಿಯೊಬ್ಬರ ಗಂಟಲು ನೋಡಬೇಕು, ಜ್ವರ ಬಂದರೆ, ಬಿಳಿ ಕಂಡರೆ ಫೋನ್ ಮಾಡಬೇಕು ಎಂದು ವಿನಯಾ ಹೇಳಿ ಹೋದಳು.

ಹತ್ತು ದಿನ. ಹರಿಣಾಕ್ಷಿ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಲಿಲ್ಲ. ಗುರುತು ಹಾಕುವ ಕೈಯ ಮೇಲೆ ಅವರಿಗೆ ನಂಬಿಕೆ ಹೋಗಿತ್ತು.

ಮೊದಲ ಬೆಳಿಗ್ಗೆ ಟಾರ್ಚು ಹಿಡಿದು ಬಾಯಿ ತೆರೆ ಎಂದರೆ ಒಂದನೇ ತರಗತಿಯ ಹುಡುಗಿ ಕಿರುಚಿ ಅತ್ತಳು. ಅವಳನ್ನು ನೋಡಿ ಉಳಿದವರೂ ಶುರು ಮಾಡಿದರು. ಹರಿಣಾಕ್ಷಿ ಜಗಲಿಯ ಬೆಂಚಿನ ಮೇಲೆ ಕೂತು ಟಾರ್ಚನ್ನು ಆ ಹುಡುಗಿಯ ಕೈಗೆ ಕೊಟ್ಟರು. "ಮೊದ್ಲ್ ನೀ ನನ್ನ ಬಾಯಿ ಕಾಣ್. ಒಳ್ಗ್ ಎಂತ ಇತ್ ಹೇಳ್." ಬಾಯಿ ಅಗಲಿಸಿದರು.

ಹುಡುಗಿ ಇಣುಕಿ ನೋಡಿ, "ಒಂದ್ ಹಲ್ಲ್ ಇಲ್ಲೆ ಟೀಚರ್" ಎಂದಳು.

ಎಲ್ಲರೂ ನಕ್ಕರು. ಆಮೇಲೆ ಅವರವರ ಬಾಯಿ ತೆರೆಯಲು ಸಾಲು ನಿಂತರು. ದಿನಕ್ಕೊಬ್ಬರು ಡಾಕ್ಟರಾಗುವುದು, ಮೊದಲು ಟೀಚರ ಗಂಟಲು ನೋಡುವುದು, ಇದು ಶಾಲೆಯ ಪದ್ಧತಿಯಾಯಿತು. ನಾಳೆ ಯಾರ ಸರದಿ ಎಂದು ಮಕ್ಕಳು ಜಗಳವಾಡುತ್ತಿದ್ದರು.

ಮಕ್ಕಳಿಗೆ ಅದು ಆಟ. ಟೀಚರಿಗೆ ಮೂವತ್ತಮೂರು ಸಲ ಬಾವಿಯೊಳಗೆ ಇಣುಕಿದಂತೆ. ಉಂಡ ಮೊಸರನ್ನದ ಬಿಳಿ ಕಂಡರೂ ಬಾಯಿ ಮುಕ್ಕಳಿಸಲು ಹೇಳಿ ಮತ್ತೊಮ್ಮೆ ನೋಡುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ತಿರುಗಿ ಅವರ ಕೊರಳು ನೋಡುತ್ತಿದ್ದರು. ರೋಷನ್ ಈಗ ಕೈ ಚಾಚುತ್ತಿರಲಿಲ್ಲ. ಅವನ ಅಕ್ಕನ ಮಗಳೂ ಆ ಶಾಲೆಯಲ್ಲೇ ಇದ್ದಳು. ಒಂದು ದಿನ ಟಿಕೇಟು ಹರಿಯುತ್ತ, "ನಮ್ಮ ಹೆಣ್ಣಿಗೆ ಎಂತ ಆತಿಲ್ಲೆ ಅಲ್ದಾ ಟೀಚರೆ?" ಎಂದು ಮೆಲ್ಲಗೆ ಕೇಳಿದ. ಇಲ್ಲ ಎನ್ನಲು ಅವರಿಗೆ ಧೈರ್ಯ ಬರಲಿಲ್ಲ. "ದಿನಾ ಕಾಣ್ತಿದ್ದೆ" ಎಂದಷ್ಟೇ ಹೇಳಿದರು.

ಮನೆಯಲ್ಲಿ ಕನ್ನಡಿಯ ಎದುರು ನಿಂತು ತಮ್ಮ ಗಂಟಲನ್ನೂ ನೋಡಿಕೊಳ್ಳುತ್ತಿದ್ದರು. ಸುಧಾಕರರು, "ಎಂತ ಬಂಗಾರ ಸಿಕ್ತಾ ಒಳ್ಗ್?" ಎಂದು ತಮಾಷೆ ಮಾಡಿದರು. ಹೆಂಡತಿಯ ಮುಖ ನೋಡಿದ ಮೇಲೆ ಮತ್ತೆ ಆ ಮಾತು ಆಡಲಿಲ್ಲ.

ದೂರದಿಂದ ಮದ್ದು ಬಂದು ವಿಜೇತಾಳಿಗೆ ಕೊಟ್ಟದ್ದು ಮಂಗಳವಾರ ಸಂಜೆ. ಮುಂದಿನ ಸೋಮವಾರ ಗಂಟಲು ನೋಡುವ ಆರನೆಯ ದಿನ. ಆ ಬೆಳಿಗ್ಗೆ ಸಾಲಿನಲ್ಲಿ ಅನೂಪ್ ಇರಲಿಲ್ಲ.

ಹರಿಣಾಕ್ಷಿ ಹಾಜರಿ ಪುಸ್ತಕವನ್ನು ಜೊತೆಯ ಟೀಚರ ಕೈಗೆ ಕೊಟ್ಟು, ಮಾಸ್ಕು ಹಾಕಿಕೊಂಡು ಟಾರ್ಚು ಹಿಡಿದು ಹೊರಟರು. ಚಂದಯ್ಯನ ಮನೆ ಕಡಲಿಗೆ ಮುಖ ಮಾಡಿದ ಕೊನೆಯ ಮನೆ. ಮುದುಕ ಜಗಲಿಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ. ಟೀಚರನ್ನು ಕಂಡು ಕೈಯ ಕೆಲಸ ನಿಲ್ಲಿಸಲಿಲ್ಲ.

"ಅನೂಪ್ ಎಲ್ಲಿ ಚಂದಯ್ಯ?"

"ಅಂವ ಅತ್ತೆ ಮನಿಗೆ ಹೋಯಿದ. ಶಿರೂರಿಗೆ."

"ಯಾವಾಗ?"

"ನಿನ್ನೆ."

ಶಾಲೆಯ ಚೀಲ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಹುಡುಗನ ಒಂದೇ ಜೊತೆ ಚಪ್ಪಲಿ ಮೆಟ್ಟಿಲ ಮೇಲಿತ್ತು. ಒಳಗಿನಿಂದ ಯಾರೋ ಕೆಮ್ಮಿದರು.

ಹರಿಣಾಕ್ಷಿ ಅಂಗಳದಲ್ಲೇ ನಿಂತರು. "ಚಂದಯ್ಯ, ನಿಮ್ಮ ಕಾಲಿಗೆ ಬೀಳ್ತೆ. ಒಂದ್ ಸಲ ಕಂಡ್ಕಂಡ್ ಹೋತೆ."

ಮುದುಕನ ಕೈಯಲ್ಲಿದ್ದ ಬಲೆಯ ಸೂಜಿ ಈಗ ನಿಂತಿತು. "ನಿಮ್ಗೆಂತ, ಕಂಡ್ಕಂಡ್ ಹೋತ್ರಿ. ಆಮೇಲೆ ಊರೆಲ್ಲಾ ಸುದ್ದಿ ಆತ್. ಚಂದಯ್ಯನ ಮನಿಯಂಗೆ ಮಾರಿ ಹೊಕ್ಕಿತ್ ಅಂತ. ನನ್ನ ಮಗನ್ನ ಬೋಟಿಗೆ ಕರಿತ್ರಾ? ರತ್ನನ ಗಂಡನ್ನ ಇಳ್ಸಿರಲ್ಲ, ಗೊತ್ತಿಲ್ಯಾ ನಿಮ್ಗೆ?"

ಅದು ಅವರಿಗೆ ಗೊತ್ತಿರಲಿಲ್ಲ. "ನಾನ್ ಯಾರಿಗೂ ಹೇಳುದಿಲ್ಲೆ. ಹುಡ್ಗನ್ ಗಂಟ್ಲ್ ಚಂದ ಇದ್ರೆ ನನ್ನ ಬಾಯಿಂದ ಒಂದ್ ಮಾತ್ ಹೊರ್ಗ್ ಬರ್ತಿಲ್ಲೆ. ಚಂದ ಇಲ್ದಿದ್ರೆ ವಿನಯನ ಕರೀಕ್. ಅಷ್ಟೇ," ಎಂದರು.

ಚಂದಯ್ಯ ಸೂಜಿಯನ್ನು ಬಲೆಗೆ ಸಿಕ್ಕಿಸಿಟ್ಟ. ಆಮೇಲೆ ಬಾಗಿಲ ಕಡೆಗೆ ಗಲ್ಲ ಎತ್ತಿ ಸನ್ನೆ ಮಾಡಿದ.

ಒಳಗೆ ಕತ್ತಲಿತ್ತು. ಚಾಪೆಯ ಮೇಲೆ ಗೋಡೆಗೆ ಒರಗಿ ಅನೂಪ್ ಕೂತಿದ್ದ. ಕೆನ್ನೆಯ ತುಂಬ ಕೆಮ್ಮಣ್ಣು. ಕೊರಳು ಊದಿತ್ತು. ಆ ಊತದ ಮೇಲೆ ಮನೆಯವರ ಚಿನ್ನದ ಸರ ಹೊಳೆಯುತ್ತಿತ್ತು.

ಹರಿಣಾಕ್ಷಿ ಬಾಗಿಲ ದಾರಂದ ಹಿಡಿದುಕೊಂಡರು. ಆ ಕ್ಷಣದಲ್ಲಿ ತಮಗೆ ಅನೂಪ್ ಕಾಣಲಿಲ್ಲ, ತಾವು ಸರ ಬಿಚ್ಚಿ ಹಾಕಿದ ಆಫೀಸು ಕೋಣೆ ಕಂಡಿತು ಎಂದು ಆಮೇಲೆ ಅದೇ ಗೆಳತಿಯ ಬಳಿ ಹೇಳಿದ್ದರು. ಟಾರ್ಚು ಹೊತ್ತಿಸಿ ಮೊಣಕಾಲೂರಿ, "ಆ ಅನ್ ಮಗಾ" ಎಂದರು.

ಹುಡುಗನಿಗೆ ಬಾಯಿ ಪೂರ್ತಿ ತೆರೆಯಲು ನೋವಾಗುತ್ತಿತ್ತು. ತೆರೆದಷ್ಟರಲ್ಲಿ ನೋಡಿದರು. ಕಿರುನಾಲಿಗೆ ಕೆಂಪಗೆ, ಒದ್ದೆಯಾಗಿ ತೂಗಾಡುತ್ತಿತ್ತು. ಹಿಂದೆ ಬೂದಿಲ್ಲ, ಪೊರೆಯಿಲ್ಲ. ಮತ್ತೊಮ್ಮೆ ನೋಡಿದರು. ಮಾಸ್ಕು ಕೆಳಗೆ ಎಳೆದು ಅವನ ಉಸಿರಿನ ವಾಸನೆ ನೋಡಿದರು. ಮಾಡಬಾರದ್ದು ಅದು, ಅವರಿಗೆ ಗೊತ್ತಿತ್ತು. ಬರೀ ಗಂಜಿಯ ವಾಸನೆ. ಮೂರನೆಯ ಸಲ ನೋಡುವಾಗ ಅನೂಪ್ ಕೇಳಿದ, "ನಂಗೆ ಇವತ್ತ್ ಡಾಕ್ಟ್ರ್ ಆಪುಕಿತ್ತ್. ನನ್ನ ಸರ್ದಿ ಹೋಯ್ತಾ ಟೀಚರ್?"

ಅವರು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟರು.

ಆದರೂ ತಮ್ಮ ಕಣ್ಣನ್ನು ನಂಬಲಿಲ್ಲ. ಚಂದಯ್ಯನ ಬಳಿ ಮತ್ತೆ ಕೈ ಮುಗಿದು ಕೇಳಿಕೊಂಡು, ವಿನಯಾಳನ್ನು ಹಿತ್ತಿಲ ದಾರಿಯಲ್ಲಿ ಕರೆಸಿದರು. ಎರಡು ದಿನದ ಮೇಲೆ ಲ್ಯಾಬಿನಿಂದ ಉತ್ತರ ಬಂತು. ಗಂಟಲಮಾರಿ ಅಲ್ಲ.

"ಹಾಂಗಾರೆ ಇದ್ ನಮ್ಮ ಹಳೀ ಕೆಪ್ಪಟ್ರಾಯನೇ?" ಎಂದು ಕೇಳಿದ ಚಂದಯ್ಯ.

"ಹೌದ್. ಹಳೀದೇ."

ಮುದುಕ ಎರಡೂ ಕೈ ಎತ್ತಿ ಹಣೆಗೆ ಒತ್ತಿಕೊಂಡ, ನೆಂಟರು ಬಂದ ಸುದ್ದಿ ಕೇಳಿದವನ ಹಾಗೆ. ಊತ ಇಳಿದ ವಾರ ತಾನೇ ಮೊಮ್ಮಗನನ್ನು ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಸೂಜಿ ಹಾಕಿಸಿದ. ಹುಡುಗ ಅಳಲಿಲ್ಲ, ಅಜ್ಜ ಮುಖ ತಿರುಗಿಸಿಕೊಂಡ ಎಂದು ವಿನಯಾ ಹೇಳಿದಳು.

ಹತ್ತು ದಿನ ಕಳೆಯಿತು. ಮತ್ತೆ ಯಾರಿಗೂ ಬರಲಿಲ್ಲ. ಇನ್ನು ಸಾಕು ಎಂದಳು ವಿನಯಾ. ಹರಿಣಾಕ್ಷಿ ನಿಲ್ಲಿಸಲಿಲ್ಲ.

ವಿಜೇತಾಳನ್ನು ಐಸಿಯುವಿನಿಂದ ಹೊರಗೆ ತಂದ ಮೇಲೆ ಒಂದು ಶನಿವಾರ ಆಸ್ಪತ್ರೆಗೆ ಹೋದರು. ಬಸ್ಸಿನಲ್ಲಿ ಬ್ರಹ್ಮಾವರ ದಾಟುವ ತನಕ ಇಳಿದು ಹಿಂದೆ ಹೋಗೋಣವೇ ಎಂದೇ ಯೋಚಿಸುತ್ತಿದ್ದರಂತೆ. ರತ್ನ ಬೈದರೆ ಏನೆನ್ನಬೇಕು ಎಂದು ಮಾತು ಜೋಡಿಸಿಕೊಂಡಿದ್ದರು. ವರಾಂಡದಲ್ಲಿ ರತ್ನ ಅವರನ್ನು ಕಂಡವಳೇ ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ ಸರವನ್ನು ಕೈಗೆ ಕೊಟ್ಟಳು.

"ಐಸಿಯುವಂಗೆ ಬಿಚ್ಚಿ ಕೊಟ್ರ್. ತಪ್ಪುಕಾಗ ಅಂದೇಳಿ ಸೆರಗಂಗೇ ಕಟ್ಕಂಡಿದ್ದೆ." ಆಮೇಲೆ ನೆಲ ನೋಡಿದಳು. "ನಾನೇ ಸುಳ್ಳ್ ಹೇಳದ್ ಟೀಚರೆ. ಎರಡ್ ಇಂಜೆಕ್ಷನ್ ಹಾಕ್ಸಿತ್ತಷ್ಟೇ. ಮತ್ತೆ ಲಾಕ್‌ಡೌನ್ ಆಯ್ತ್. ನೀವ್ ಬೈತ್ರಿ ಅಂದೇಳಿ ಹೆದ್ರಿ ಹೇಳ್ಲಿಲ್ಲ."

"ನಾನ್ ಬೈದಿದ್ರೆ ಚಂದ ಇದ್ದಿತ್ತ್ ರತ್ನಾ," ಎಂದರು ಹರಿಣಾಕ್ಷಿ. "ನಾನೇ ಡಾಕ್ಟ್ರಿಗೆ ತೋರ್ಸಿ ಅನ್ಲಿಲ್ಲ."

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಹುಡುಗಿ ಬದುಕಿದಳು, ಆದರೆ ಹೃದಯಕ್ಕೆ ವಿಷ ತಾಗಿದೆ, ಇನ್ನೂ ಒಂದು ತಿಂಗಳು ಮಂಚ ಬಿಟ್ಟು ಇಳಿಯಬಾರದು, ಓಡಬಾರದು ಎಂದು ಡಾಕ್ಟರು ಹೇಳಿದ್ದರು. ಹರಿಣಾಕ್ಷಿ ಬಾಗಿಲಿನಿಂದಲೇ ನೋಡಿದರು. ಸಪೂರ ಕೊರಳು. ಊತ ಹೋಗಿತ್ತು.

ಆ ಸರವನ್ನು ಅವರು ಮತ್ತೆ ಹಾಕಿಕೊಳ್ಳಲಿಲ್ಲ. ಕುದಿಯುವ ನೀರಲ್ಲಿ ಹಾಕಿ ತೆಗೆದದ್ದಾಗಿತ್ತು, ಭಯವೇನೂ ಇರಲಿಲ್ಲ. ಆದರೂ ಆಫೀಸಿನ ಬೀರುವಿನಲ್ಲಿ, ಖಾಲಿ ಸೀಮೆಸುಣ್ಣದ ಡಬ್ಬಿಯಲ್ಲಿಟ್ಟರು. ರಿಜಿಸ್ಟರಿನಲ್ಲಿ ಐದು ಗುರುತುಗಳ ಮೇಲೆ ಗೆರೆ ಎಳೆದು 'ಕಾರ್ಡು ನೋಡಿಲ್ಲ' ಎಂದು ಬರೆದು ಸಹಿ ಮಾಡಿದರು. ಮೇಲಿನವರಿಗೆ ತಪ್ಪೊಪ್ಪಿಗೆಯ ಪತ್ರವನ್ನೂ ಕಳುಹಿಸಿದರು. ಉತ್ತರ ಬರಲಿಲ್ಲ. ಬೋಟು ನಡೆಸುವ ತಂಡೇಲನ ಮನೆಗೆ ವಿನಯಾಳನ್ನು ಕರೆದುಕೊಂಡು ಹೋಗಿ ಮಾತಾಡಿದ ಮೇಲೆ ವಿಜೇತಾಳ ಅಪ್ಪನನ್ನು ಮತ್ತೆ ಬೋಟಿಗೆ ಸೇರಿಸಿಕೊಂಡರು.

ಎಲ್ಲ ಸರಿಯಾಯಿತಲ್ಲ, ಇನ್ನೆಂತ, ಎಂದು ಜನ ಕೇಳುತ್ತಿದ್ದರು. ಅವರಿಗೆ ಹಾಗಾಗಲಿಲ್ಲ. ಏನೂ ಆಗದ ದಿನವೇ ಹೆಚ್ಚು ಹೆದರಿಕೆ ಎನ್ನುತ್ತಿದ್ದರು, ಆ ಗುರುವಾರವೂ ಬೆಳಿಗ್ಗೆ ಏನೂ ಆಗದ ದಿನವೇ ಆಗಿತ್ತಲ್ಲ ಎಂದು. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು, ಎಡ ಭುಜ ನೋಯುತ್ತಿತ್ತು. ಸುಧಾಕರರು ಇಸಿಜಿ ಮಾಡಿಸಲು ಎರಡು ಸಲ ಹೆಸರು ಬರೆಸಿದರು. ಎರಡು ಸಲವೂ ಬೆಳಿಗ್ಗೆ ಹೋಗಬೇಕಿತ್ತು, ಬೆಳಿಗ್ಗೆ ಎಂದರೆ ಗಂಟಲು ನೋಡುವ ಹೊತ್ತು. ದೀಪಾವಳಿ ರಜೆಯಲ್ಲಿ ಮಾಡಿಸುವ ಎಂದರು. ರಜೆಯಲ್ಲಿ ಒಂದನೇ ತರಗತಿಯವರ ಮನೆಮನೆಗೆ ಹೋಗಿ ಕಾರ್ಡು ನೋಡಿ ಬಂದರು.

ರಜೆ ಮುಗಿದ ಸೋಮವಾರ ವಿಜೇತಾ ಶಾಲೆಗೆ ಬಂದಳು. ಅಜ್ಜಿ ಸೀತು ಅವಳ ಚೀಲ ಹೊತ್ತುಕೊಂಡು ಮೆಲ್ಲಗೆ ನಡೆಸಿಕೊಂಡು ಬಂದಿದ್ದಳು. ಕೈಯಲ್ಲಿ ಡಾಕ್ಟರ ಚೀಟಿ. ಹರಿಣಾಕ್ಷಿ ಅದನ್ನು ಪೂರ್ತಿ ಓದಿದರು, ತಾರೀಕು ನೋಡಿದರು, ಸಹಿ ನೋಡಿದರು. ಚುಚ್ಚುಮದ್ದಿನ ಹೊಸ ಕಾರ್ಡನ್ನು ಬೆಳಕಿಗೆ ಹಿಡಿದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಸೀತು ಕೇಳಿದಳು, "ಎಂತ ಟೀಚರೆ, ಕಳ್ಳ ನೋಟಾ?"

"ಈ ಸಲ ಕಂಡೇ ಸೈ ಸೀತಮ್ಮ."

ಪ್ರಾರ್ಥನೆಯ ಗಂಟೆಗೆ ಮೊದಲೇ ಮಕ್ಕಳು ಜಗಲಿಯಲ್ಲಿ ಸಾಲು ನಿಂತಿದ್ದರು. ಆ ದಿನದ ಡಾಕ್ಟರು ಅನೂಪ್. ಅವನು ಟಾರ್ಚನ್ನು ವಿಜೇತಾಳ ಕಡೆಗೆ ಚಾಚಿ, "ಇವತ್ತ್ ಅದ್ ಕಾಣ್ಲಿ. ನಾನ್ ನಾಳೆ" ಎಂದ. ಹರಿಣಾಕ್ಷಿ ಬೆಂಚಿನ ಮೇಲೆ ಕೂತರು. ಕೂರುವಾಗ ಒಂದು ಕೈಯಿಂದ ಕಂಬ ಹಿಡಿದುಕೊಂಡರು. ಹಣೆಯೆಲ್ಲ ಬೆವರಿತ್ತು ಎಂದು ಸೀತು ಹೇಳುತ್ತಾಳೆ.

ವಿಜೇತಾ ಹತ್ತಿರ ಬಂದು ಅವರ ಕೊರಳನ್ನೇ ನೋಡಿದಳು. ಸ್ವರ ಇನ್ನೂ ಸ್ವಲ್ಪ ಮೂಗಿನಿಂದ ಬರುತ್ತಿತ್ತು.

"ನಿಮ್ಮ ಸರ ಎಲ್ಲಿ ಟೀಚರ್?"

"ಸರ ಅಲ್ಲಿರ್ಲಿ," ಎಂದರು ಹರಿಣಾಕ್ಷಿ. "ನೀ ಟಾರ್ಚ್ ಸಮಾ ಹಿಡಿ."

ಅವಳ ಪುಟ್ಟ ಕೈಯನ್ನು ತಮ್ಮ ಕೈಯಿಂದ ಎತ್ತಿ, ಬೆಳಕು ಸರಿಯಾಗಿ ಬೀಳುವಂತೆ ಹಿಡಿಸಿ, ಬಾಯಿ ತೆರೆದರು.